ಮಾಮನ ಮಾಳಿಗೆ, ಮಳೆಯ ಮೊದಲ ಹತ್ತು ನಿಮಿಷ

ಆಕಾಶಕ್ಕೆ ಬೈಯುತ್ತಲೇ ದಿನ ಕಳೆಯುವ ಮನುಷ್ಯನನ್ನು ನೀವು ನೋಡಿಲ್ಲವಾದರೆ ನನ್ನ ಸೋದರಮಾವನ ಮನೆಗೊಮ್ಮೆ ಹೋಗಿ. ಅಫಜಲಪುರದಿಂದ ಬಸ್ಸಿದೆ. ಮಾಳಿಗೆ ಹತ್ತುವ ಮುಂಚೆ ಮಾತ್ರ ಚಪ್ಪಲಿ ಬಿಡಬೇಕು. ಹೌದು, ಮಾಳಿಗೆಗೆ! ಅಲ್ಲಿ ಬಿದ್ದ ಮಳೆಯೆಲ್ಲ ಪೈಪಿನಲ್ಲಿ ಅಂಗಳಕ್ಕಿಳಿದು ತೊಟ್ಟಿ ಸೇರುತ್ತದೆ. ಹಾಗಾಗಿ ಮೇಲೆ ಹಪ್ಪಳ ಒಣಹಾಕುವಂತಿಲ್ಲ, ಪಾರಿವಾಳ ಕೂರುವಂತಿಲ್ಲ. ಆ ಪೈಪನ್ನಂತೂ ಮಾಮನ ಹೊರತು ಯಾರೂ ಮುಟ್ಟುವಂತಿಲ್ಲ.

ಕಾರಣವಿದೆ. ಊರಿನ ಬೋರಿನ ನೀರು ಸವಳು. ತೊಗರಿ ಬೆಳೆಯುವ ಸೀಮೆಯಲ್ಲಿ ಆ ನೀರಿಗೆ ತೊಗರಿಬೇಳೆಯೇ ಬೇಯುವುದಿಲ್ಲ! ಮಾಮ ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಬೇಳೆಯನ್ನು ಬೆರಳಲ್ಲಿ ಹಿಸುಕಿ ನೋಡುತ್ತಾರೆ. ಆಳಂದದ ಒಂದು ಮದುವೆಯಲ್ಲಿ ಹೆಣ್ಣಿನ ತಂದೆ ಕೈಮುಗಿದು, "ಊಟ ಹ್ಯಾಂಗೈತ್ರಿ?" ಎಂದರು.

"ಹುಡುಗಿ ಬಂಗಾರದಂಥಾಕಿ ಅದಾಳ್ರಿ. ನೀರೇ ಸುಮಾರ್ ಐತಿ!"

ನಾನು ಕಂಬದ ಹಿಂದೆ ಸರಿದುಬಿಟ್ಟೆ.

ಇನ್ನು ಬೇಳೆ ಬೇಯುವುದು ಸೋಲಾರ್ ಕುಕ್ಕರಿನಲ್ಲಿ, ಅದೇ ಮಾಳಿಗೆಯ ಮೇಲೆ. ಫಜೀತಿ ಇರುವುದೇ ಅಲ್ಲಿ. ಬಿಸಿಲು ಬಿದ್ದರೆ ತೊಟ್ಟಿಯ ಚಿಂತೆ, ಮೋಡ ಕವಿದರೆ ಬೇಳೆಯ ಚಿಂತೆ! ಎದುರುಮನೆಯ ಖಾಲಾ ಬಾಗಿಲಿಂದಲೇ ಕೇಳುತ್ತಾರೆ, "ಇವತ್ತು ಯಾರಿಗೆ ಬೈಯಾಕತ್ತೀರಿ ಭಾಯ್‌ಸಾಬ್, ಬಿಸಲಿಗೋ, ಮೋಡಕೋ?"

ಈ ವರ್ಷ ಆ ನಗು ನಿಂತುಹೋಯಿತು. ಅತ್ತೆಗೆ ಲಕ್ವ ಹೊಡೆದು ಮಾತು ಹೋಯಿತು. ಬೆಣ್ಣೆಯಂತೆ ಬೆಂದ ಬೇಳೆ ಬಿಟ್ಟರೆ ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕ್ಯಾನಿನ ನೀರಲ್ಲಿ ಬೇಯಿಸಿದ್ದನ್ನು ಎರಡು ಸಲ ಉಗುಳಿದರು. ಮಳೆಯೋ, ಪತ್ತೆಯಿಲ್ಲ. ಮಾಮ ದಿನಕ್ಕೆ ನಾಲ್ಕು ಸಲ ತೊಟ್ಟಿಯೊಳಗೆ ಕೋಲು ಇಳಿಬಿಟ್ಟು ನೋಡುತ್ತಿದ್ದರು. ನಾನು ಹೋದ ದಿನ ಕೋಲಿನ ತುದಿಯಷ್ಟೇ ಒದ್ದೆಯಾಯಿತು. ನಾಳೆ ಅತ್ತೆ ಏನು ಉಣ್ಣಬೇಕು? ಹೆದರಿಕೆಗೆ ನನಗೂ ಊಟ ಸೇರಲಿಲ್ಲ.

ಅದೇ ಮಧ್ಯಾಹ್ನ ದಪ್ಪ ಹನಿ ಬಿತ್ತು. ಮಾಮ ಅಂಗಳಕ್ಕೆ ಓಡಿ ಪೈಪು ಹಿಡಿದರು, ತಿರುಗಿಸಿದ್ದು ಮಾತ್ರ ಬೀದಿಯ ಕಡೆಗೆ! ಅವರ ಕಾನೂನೇ ಹಾಗೆ. ಮೊದಲ ಹತ್ತು ನಿಮಿಷದ ಮಳೆ ಮಾಳಿಗೆಯ ಧೂಳು ತೊಳೆದು ಹೊರಗೆ ಹೋಗಬೇಕು, ಆಮೇಲೆ ತೊಟ್ಟಿಗೆ.

"ಮಾಮಾ, ಅಷ್ಟರಾಗ ಮಳಿ ನಿಂತ್ರ?"

"ಇನ್ನೂ ಮೂರು ನಿಮಿಷ ಐತಿ. ಆಕಿಗೆ ಧೂಳು ಉಣಸ್ಲೇನು?"

ವಾಚು ನೋಡುತ್ತ ನಿಂತಿದ್ದರು. ಮಳೆ ಆಗಲೇ ತೆಳುವಾಗುತ್ತಿತ್ತು. ಪಡಸಾಲೆಯ ಮಂಚದಿಂದ ಅತ್ತೆ ಎಲ್ಲವನ್ನೂ ನೋಡುತ್ತಿದ್ದರು.

"ಪೈಪ್... ತಿರುಗಸ್ರೀ..."

ತೊದಲು ದನಿ, ಆದರೆ ಅತ್ತೆಯದೇ! ಮಾಮ ಪೈಪನ್ನು ಅಲ್ಲೇ ಬಿಟ್ಟು ಒಳಗೆ ಓಡಿದರು. "ಏನಂದಿ? ಇನ್ನೊಮ್ಮೆ ಅನ್ನು!" ಎಂದು ಮಂಚದ ಬಳಿ ಕುಸಿದು ಕೂತರು. ಹತ್ತು ನಿಮಿಷವಾಯಿತು, ಹನ್ನೆರಡಾಯಿತು. ನೀರು ಬೀದಿಗೆ ಹರಿಯುತ್ತಲೇ ಇತ್ತು.

"ಮಾಮಾ, ನೀರು!"

ಅವರಿಗೆ ಕೇಳಿಸಲಿಲ್ಲ. "ಇನ್ನೊಮ್ಮೆ ಬೈ ಬೇ ನನಗ," ಎಂದು ಅತ್ತೆಯ ಕೈ ಹಿಡಿದು ಅಳುತ್ತಿದ್ದರು.

ಕೊನೆಗೆ ನಾನೇ ಹೋಗಿ ಪೈಪು ತಿರುಗಿಸಿದೆ.