ಭಾವನ ಒಂದು ವೋಟು

ಅಕ್ಕ: ಆಗಲೇ ಇಲ್ಲ ಅಂದೆನಲ್ಲ! ಅವರು ನಿನ್ನ ಪಕ್ಷಕ್ಕೆ ಹಾಕಲ್ಲ. ಹಾಕಿದ್ರೆ ಈ ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ!

ತಮ್ಮ: ಅದನ್ನ ಭಾವ ಹೇಳ್ಲಿ. ಅವರ ವೋಟು ಅವರದು.

ಅಕ್ಕ: ಅವರೇ ನನ್ನವರು, ವೋಟು ಇನ್ಯಾರದೋ?

ಮತದಾನದ ದಿನದ ಬೆಳಗ್ಗೆ. ಸಿಟಿ ಬಸ್ ಓಡಿಸುವ ತಮ್ಮ ರಜೆ ಹಾಕಿ, ಕೋಳಿ ಕೂಗುವ ಮುನ್ನವೇ ಅಕ್ಕನ ಮನೆಗೆ ಬಂದು ಕೂತಿದ್ದ. ಅಕ್ಕ ಕ್ಲಿನಿಕ್ಕಿನಲ್ಲಿ ನರ್ಸು. ಇಬ್ಬರ ನಡುವೆ ಕುರ್ಚಿಯಲ್ಲಿ, ಮದುಮಗನ ಹಾಗೆ ಇಸ್ತ್ರಿ ಅಂಗಿ ತೊಟ್ಟು, ಎಡಗೈಯಲ್ಲಿ ಅಕ್ಕ ಕೊಟ್ಟ ಚಹಾ, ಬಲಗೈಯಲ್ಲಿ ತಮ್ಮ ತಂದ ಬಿಸ್ಕತ್ತು ಹಿಡಿದು ಭಾವ ಕೂತಿದ್ದರು. ಫೋಟೋ ಸ್ಟುಡಿಯೋ ಇಟ್ಟವರು. ತಿಂಗಳ ಹಿಂದೆ ಊಟದ ಹೊತ್ತಿನಲ್ಲಿ "ನಾನಿನ್ನೂ ತೀರ್ಮಾನ ಮಾಡಿಲ್ಲಪ್ಪ" ಅಂದಿದ್ದೇ ಅಂದಿದ್ದು, ಅಂದಿನಿಂದ ಮನೆಯಲ್ಲಿ ಅವರಿಗೆ ರಾಜೋಪಚಾರ.

ಭಾವ: ಎರಡೂ ಕಡೆ ಸರಿ ಅನಿಸ್ತಿದೆ. ಅದೇ ಕಷ್ಟ.

ಅಕ್ಕ: ಏನು ಕಷ್ಟ? ಮನುಷ್ಯರನ್ನ ನೋಡಿ ಹಾಕಿ. ನಮ್ಮ ಡಾಕ್ಟರಮ್ಮ ನಿಂತಿದ್ದಾರೆ. ಕರೆದ್ರೆ ಬರ್ತಾರೆ, ಕೇಳಿದ್ರೆ ಉತ್ತರ ಕೊಡ್ತಾರೆ.

ತಮ್ಮ: ಡಾಕ್ಟರಮ್ಮ ಚಿನ್ನದಂಥವರು, ಒಪ್ದೆ. ಆದ್ರೆ ಇದು ದೇಶದ ಚುನಾವಣೆ ಅಕ್ಕಾ. ಡ್ರೈವರ್ ಮುಖ ನೋಡಿ ಬಸ್ ಹತ್ತೋಕಾಗುತ್ತಾ? ಬಸ್ ಯಾವ ಕಡೆ ಹೋಗುತ್ತೆ ಅಂತ ಬೋರ್ಡ್ ನೋಡ್ಬೇಕು.

ಅಕ್ಕ: ಡ್ರೈವರ್ ಕುಡಿದಿದ್ರೆ ಬೋರ್ಡ್ ಏನಿದ್ರೇನು, ಬಸ್ ಹೋಗೋದು ಚರಂಡಿಗೇ!

ತಮ್ಮ: ಅಕ್ಕಾ! ನಾನು ಡ್ಯೂಟಿ ಮೇಲೆ ಒಂದು ತೊಟ್ಟೂ ಮುಟ್ಟಿಲ್ಲ!

ಅಕ್ಕ: ನಿನ್ನ ವಿಷಯ ಅಲ್ವೋ, ನಿನ್ನ ಅಭ್ಯರ್ಥಿ ವಿಷಯ!

ತಮ್ಮ: ಓ, ಅವನಾ? ಅವನೂ ಬಿಟ್ಟಿದ್ದಾನೆ.

ಅಕ್ಕ: ಯಾವಾಗ?

ತಮ್ಮ: ಪ್ರಚಾರ ಶುರುವಾದಾಗ.

ಭಾವನಿಗೆ ಚಹಾ ನೆತ್ತಿಗೇರಿತು. ಅಕ್ಕ ಓಡಿಬಂದು ತಲೆ ತಟ್ಟಿದಳು. ತಮ್ಮ ಬೆನ್ನು ಸವರಿದ.

ತಮ್ಮ: ಯೋಚನೆ ಮಾಡಿ ಭಾವ. ಆರಿಸಿದ ಮೇಲೆ ಐದು ವರ್ಷ ಸಹಿಸ್ಕೋಬೇಕು.

ಭಾವ: ಐದೇನು ಮಹಾ? ನಾನು ಮೂವತ್ತು ವರ್ಷದಿಂದ ಸಹಿಸ್ಕೊಂಡಿಲ್ವಾ?

ಅಕ್ಕ: ಏನನ್ನ?

ಭಾವ: ಗ್ಯಾಸ್ಟ್ರಿಕ್ಕು ಕಣೇ, ಗ್ಯಾಸ್ಟ್ರಿಕ್ಕು.

ತಮ್ಮ: ಭಾವ, ನಿಮ್ಮ ಸ್ಕೂಟರ್ ನಾನೇ ತಳ್ಕೊಂಡು ಹೋಗಿ ರಿಪೇರಿ ಮಾಡಿಸ್ದೆ. ಅದನ್ನ ನೆನೆಸ್ಕೊಂಡಾದ್ರೂ ಮನಸ್ಸು ಬದಲಾಯಿಸಿ.

ಭಾವ: ಈಗೇನು ಬದಲಾಯಿಸೋದು? ಮೊದಲ ವಾರವೇ ಗಟ್ಟಿ ಮಾಡ್ಕೊಂಡ...

ಬಿಸ್ಕತ್ತು ಚಹಾದೊಳಗೆ ಬಿದ್ದು ಮುಳುಗಿತು.

ಅಕ್ಕ: ಏನಂದ್ರಿ?

ತಮ್ಮ: ಗಟ್ಟಿ ಮಾಡ್ಕೊಂಡಿದ್ರಾ? ಹಂಗಾದ್ರೆ ನಾನು ಬಿಸಿಲಲ್ಲಿ ಸ್ಕೂಟರ್ ತಳ್ಳಿದ್ದು?

ಅಕ್ಕ: ನಾನು ದಿನಾ ಕಾಲೊತ್ತಿದ್ದು? ನೈಟ್ ಡ್ಯೂಟಿ ಮುಗಿಸಿ ಬಂದು ನಿಮ್ಮ ಕಾಲೊತ್ತಿದ್ದೀನಿ ರೀ!

ಚಹಾದ ಲೋಟ ಅಡುಗೆಮನೆ ಸೇರಿತು. ಬಿಸ್ಕತ್ತಿನ ಪೊಟ್ಟಣ ತಮ್ಮನ ಜೇಬು ಸೇರಿತು. ಅಷ್ಟು ಹೊತ್ತು ಹಾವು ಮುಂಗುಸಿಯಾಗಿದ್ದ ಅಕ್ಕ ತಮ್ಮ ಒಂದೇ ಸೋಫಾದಲ್ಲಿ ಭುಜಕ್ಕೆ ಭುಜ ಕೊಟ್ಟು ಕೂತು ಭಾವನನ್ನು ದುರುಗುಟ್ಟಿದರು.

ಅಕ್ಕ: ಯಾಕ್ರೀ ಹೀಗೆ ಮಾಡಿದ್ರಿ?

ಭಾವ ಅಂಗಿಯ ಗುಂಡಿ ತಿರುವುತ್ತ ತಲೆ ತಗ್ಗಿಸಿದರು.

ಭಾವ: ನೀವು ನನ್ನ ಅಭಿಪ್ರಾಯ ಕೇಳಿದ್ರಿ ಕಣೇ. ಮಗಳ ಕಾಲೇಜು ನೀನು ಗೊತ್ತು ಮಾಡ್ದೆ, ಗೋಡೆ ಬಣ್ಣ ಇವನು ಗೊತ್ತು ಮಾಡ್ದ. ಅಂಗಡಿಯಲ್ಲಿ "ಕಣ್ಣು ಮಿಟುಕಿಸ್ಬೇಡಿ" ಅಂದ್ರೆ ಮಾತ್ರ ಜನ ನನ್ನ ಮಾತು ಕೇಳ್ತಾರೆ. ಅದೂ ಒಂದು ಕ್ಷಣ. ಈ ತಿಂಗಳು ನಾನು ಬಾಯಿ ತೆಗೆದ್ರೆ ಸಾಕು, ಇಬ್ಬರೂ ಟಿವಿ ಆಫ್ ಮಾಡ್ತಿದ್ರಿ. ಹೇಳಿಬಿಟ್ರೆ ಮುಗೀತಲ್ಲ ಅಂತ ಹೇಳ್ಲಿಲ್ಲ.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ತಮ್ಮ ಬಿಸ್ಕತ್ತಿನ ಪೊಟ್ಟಣ ವಾಪಸು ಕೊಟ್ಟ. ಮೂವರೂ ಶಾಲೆಯ ಮತಗಟ್ಟೆಗೆ ಹೊರಟರು. ಸರದಿ ಸಾಲು ಹನುಮನ ಬಾಲದಂತಿತ್ತು. ಶಾಲೆಯ ಗೇಟು ದಾಟಿ, ಇನ್ನೇನು ಬಾಗಿಲು ಹತ್ತಿರ ಬಂತು ಅನ್ನುವಾಗ ಅಕ್ಕ ತಿರುಗಿದಳು.

ಅಕ್ಕ: ರೀ, ನಂಗೆ ಅನುಮಾನ ಶುರುವಾಗಿದೆ.

ಭಾವ: ಗ್ಯಾಸ್ ಆಫ್ ಮಾಡಿದ್ದೀನಿ.

ಅಕ್ಕ: ಅದಲ್ಲ! ತಪ್ಪು ಹುಡುಕೋಕೆ ಅಂತ ಇವನ ಪಕ್ಷದ ಪ್ರಣಾಳಿಕೆ ಪೂರ್ತಿ ಓದ್ದೆ. ಹಾಳಾದ್ದು, ಒಂದೆರಡು ಮಾತು ಸರಿ ಅನಿಸ್ಬಿಡ್ತು.

ತಮ್ಮ: ನನ್ನ ಕಥೆ ಕೇಳಿ. ಡಾಕ್ಟರಮ್ಮನ ಸಭೆಗೆ ಗಲಾಟೆ ಮಾಡೋಕೆ ಹೋದವನು ಚಪ್ಪಾಳೆ ತಟ್ಟಿ ಬಂದೆ.

ಅಕ್ಕ: ನಿಮಗೆ ಎರಡು ಕಡೆ ವಾದಾನೂ ಬಾಯಿಪಾಠ. ನೀವೇ ಹೇಳಿ, ಯಾರಿಗೆ ಹಾಕೋಣ? ಯಾಕೆ?

ಭಾವನ ಮುಖ ಅರಳಿತು. ಗಂಟಲು ಸರಿಮಾಡಿಕೊಂಡರು. ಎದೆ ಉಬ್ಬಿಸಿ ಬಾಯಿ ತೆರೆದರು.

"ಏಯ್ ಇಸ್ತ್ರಿ ಅಂಗಿ! ಒಳಗಡೆ ಪ್ರಚಾರ ಮಾಡೋ ಹಾಗಿಲ್ಲ. ಬಾಯಿ ಮುಚ್ಚಿ!" ಮಹಿಳಾ ಪೊಲೀಸ್ ಲಾಠಿ ಕುಟ್ಟಿದರು.

ಭಾವ ಬಾಯಿ ಮುಚ್ಚಿದರು. ತೆರೆದರು. ಮತ್ತೆ ಮುಚ್ಚಿದರು. ಮುಂದೆ ಇದ್ದವರು ನಾಲ್ಕೇ ಜನ. ಹಿಂದೆ, ಬೀದಿ ತಿರುವಿನವರೆಗೂ ಸರದಿ. ಭಾವ ಒಂದು ಕೈಯಲ್ಲಿ ಹೆಂಡತಿಯನ್ನೂ ಇನ್ನೊಂದು ಕೈಯಲ್ಲಿ ಭಾವಮೈದುನನನ್ನೂ ಹಿಡಿದರು.

ತಮ್ಮ: ಭಾವ, ಏನಿದು? ಸರದಿ ಬಿಟ್ರೆ ಮತ್ತೆ ಬಾಲದಿಂದ ನಿಲ್ಬೇಕು!

ಭಾವ: ನಿಲ್ಲೋಣ. ಸಂಜೆವರೆಗೂ ಟೈಮಿದೆ. ನಡೀರಿ ಹೊರಗೆ!

ದರದರ ಎಳೆದುಕೊಂಡು ಗೇಟು ದಾಟಿ, ಬೀದಿ ದಾಟಿ, ತಿರುವಿನಾಚೆಯ ಮರದ ಕೆಳಗೆ ಇಬ್ಬರನ್ನೂ ಕೂರಿಸಿ, ಎದುರು ನಿಂತು ತೋಳು ಮಡಚಿದರು.

ಅಕ್ಕ: ಹೂಂ, ಹೇಳಿ. ಯಾರಿಗೆ?

ಭಾವ: ಅದಕ್ಕೆ ಆಮೇಲೆ ಬರ್ತೀನಿ. ಮೊದಲು, ನಮ್ಮ ಮದುವೆ ಫೋಟೋದಲ್ಲಿ ನನ್ನನ್ನ ಮೂಲೆಗೆ ನಿಲ್ಲಿಸಿದ್ದು ಯಾರು?