ಕನ್ನಡ ಕಿವಿಗೆ ಬಿದ್ದರೆ ನಿದ್ದೆ

ಇಡೀ ದಿಲ್ಲಿಯಲ್ಲಿ ನನ್ನ ಮೈದುನರಷ್ಟು ಸುಖವಾಗಿ ಗೊರಕೆ ಹೊಡೆಯುವವರು ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಯಾರ ಮುಂದೆಯೂ ಬಾಯಿಬಿಡದ ನಾನೇ ಹೀಗೆ ಹೇಳುತ್ತಿದ್ದೇನೆಂದರೆ ನೀವೇ ಯೋಚಿಸಿ, ಮಕ್ಕಳೇ! ನಿಮ್ಮ ತಾತನ ತಮ್ಮ, ನೀವು ಚಿಕ್ಕತಾತ ಅನ್ನುವವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ಲಕ್ಷ್ಮೀ ನಗರದ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬರೇ ಇದ್ದಾರೆ. ಭಾನುವಾರ ಬಂತೆಂದರೆ ಮೆಟ್ರೋ ಹಿಡಿದು ಹೌಜ್ ಖಾಸಿನ ನಮ್ಮ ಮನೆಗೆ ಬಂದು, ತಾರಸಿಯ ಬೆತ್ತದ ಕುರ್ಚಿಯಲ್ಲಿ ಕೂರುತ್ತಾರೆ. ನಾವು ಎರಡು ಮಾತಾಡುವಷ್ಟರಲ್ಲಿ ನಿದ್ದೆ.

ಆ ನಿದ್ದೆಗೊಂದು ನಿಯಮವಿದೆ. ಸುತ್ತ ಕನ್ನಡ ಮಾತು ನಡೆಯುತ್ತಿರಬೇಕು. ಇಂಗ್ಲಿಷ್ ಆದರೂ ಪರವಾಗಿಲ್ಲ, ಅದು ಅವರಿಗೆ ಫ್ಯಾನಿನ ಸದ್ದಿದ್ದಂತೆ. ಆದರೆ ಹಿಂದಿಯ ಒಂದು ಮಾತು ಬಿದ್ದರೆ ಥಟ್ಟನೆ ಎದ್ದು ಕೂರುತ್ತಾರೆ. ಕಚೇರಿಯಲ್ಲಿ ಹಿಂದಿ ಕೇಳಿಸಿತೆಂದರೆ ಸಾಹೇಬರು ಬಂದರೆಂದೇ ಲೆಕ್ಕವಂತೆ. ಒಮ್ಮೆ ಕೆಳಗೆ ರಸ್ತೆಯಲ್ಲಿ ತರಕಾರಿಯವನು "ಆಲೂ ಲೇ ಲೋ" ಎಂದು ಕೂಗಿದ. ಇವರು ನಿದ್ದೆಗಣ್ಣಲ್ಲೇ ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡು, "ಜೀ ಸರ್" ಅಂದರು. ಪಾಪ, ಆ ದಿನ ತಾನು ಸಾಹೇಬನಾಗಿದ್ದೆ ಎಂಬುದು ಆ ಭಯ್ಯಾನಿಗೆ ಇನ್ನೂ ಗೊತ್ತಿಲ್ಲ!

ಇಂಥವರು ತುಮಕೂರಿಗೆ ಒಂದು ಮದುವೆಗೆ ಹೋದರೆ ಏನಾಗಬೇಕು? ಊರಿಗೆ ಊರೇ ಕನ್ನಡ! ಧಾರೆಗೂ ಏಳಲಿಲ್ಲ, ಊಟಕ್ಕೂ ಏಳಲಿಲ್ಲ. ಬೀಗರು ಗಾಬರಿಯಾಗಿ ಡಾಕ್ಟರನ್ನು ಕರೆಸಿದರು. ಡಾಕ್ಟರು ಪಕ್ಕದಲ್ಲಿ ಕೂತು, ಎಲ್ಲಿ ನೋವು, ಊಟ ಸೇರುತ್ತದೆಯೇ ಎಂದು ಮೆಲುದನಿಯಲ್ಲಿ, ಅಚ್ಚ ಕನ್ನಡದಲ್ಲಿ ವಿಚಾರಿಸಿದರು. ಅಲ್ಲಿಯವರೆಗೆ ಸುಮ್ಮನೆ ಮಲಗಿದ್ದವರು ಗೊರಕೆ ಶುರುಮಾಡಿದರು!

ಈ ಸಲ ನಮ್ಮ ಪುಟ್ಟಿಯ ಹುಟ್ಟುಹಬ್ಬ ಭಾನುವಾರವೇ ಬಂತು. ಮಂಜು ಕರಗಿ, ಬಿಸಿಲು ಬೆಚ್ಚಗಿನ ಹಾಲಿನಂತೆ ತಾರಸಿಯ ಮೇಲೆ ಹರಡಿತ್ತು. ಚಾಪೆಯ ಮೇಲೆ ಕಿತ್ತಳೆ ಸಿಪ್ಪೆ, ಕಡಲೆಕಾಯಿ ಸಿಪ್ಪೆ. ಯಾರಿಗೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಪಕ್ಕದ ಮನೆಯವರು ಒಣಹಾಕಿದ ರಜಾಯಿಗಳ ಮೇಲೆ ಪಾರಿವಾಳಗಳೂ ತೂಕಡಿಸುತ್ತಿದ್ದವು.

ಪುಟ್ಟಿಗೆ ಮಾತ್ರ ಒಂದೇ ಹಟ. ಅವಳು ಕೇಕು ಕತ್ತರಿಸುವಾಗ ಚಿಕ್ಕತಾತ ಎಚ್ಚರವಿರಬೇಕು. ಅವಳ ಒಂದು ಹುಟ್ಟುಹಬ್ಬದ ಫೋಟೋದಲ್ಲೂ ಅವರ ಕಣ್ಣು ತೆರೆದಿಲ್ಲ. ಫೋನಿನಲ್ಲಿ ಅವರಿಂದ ಮಾತು ತೆಗೆದುಕೊಂಡಿದ್ದಳು. ಅದೂ ಸಾಲದೆಂದು ಬೆಳಿಗ್ಗೆಯೇ ನಮಗೆಲ್ಲ ಅಪ್ಪಣೆಯಾಯಿತು.

"ಆಜ್ ನೋ ಕನ್ನಡ, ಅಜ್ಜಿ. ಕೇಕ್ ಕಟ್ ಆಗೋವರೆಗೆ."

ನನ್ನ ಗತಿ ನೋಡಿ! ನನ್ನ ಹಿಂದಿ ಊರ ಶಾಲೆಯ ಅಕ್ಷರಮಾಲೆ, ಅದರ ಮೇಲೆ ತರಕಾರಿಯ ಜೊತೆ ಕೊತ್ತಂಬರಿಯನ್ನು ಬಿಟ್ಟಿಯಾಗಿ ಕೇಳುವಷ್ಟು. ಬಾಯಿ ಮುಚ್ಚಿ ಕೂತೆ. ಊಟದ ಹೊತ್ತಿಗೆ ಮಗ ತನ್ನ ಹೆಂಡತಿಯನ್ನು "ಅಚಾರ್ ದೀಜಿಯೇ" ಎಂದು ಉಪ್ಪಿನಕಾಯಿ ಕೇಳಿದ.

"ಮದುವೆಯಾದ ಮೇಲೆ ಇದೇ ಮೊದಲು ನೋಡಿ ಅತ್ತೆ, ಇವರು ನನಗೆ ಬಹುವಚನ ಹಚ್ಚಿದ್ದು" ಅಂದಳು ಸೊಸೆ. ಕನ್ನಡದಲ್ಲಿ ಅಂದದ್ದಕ್ಕೆ ಪುಟ್ಟಿ ಅವಳನ್ನು ದುರುಗುಟ್ಟಿ ನೋಡಿದಳು.

ಉಪಾಯ ಫಲಿಸಿತು. ಮೈದುನರು ನಿದ್ದೆ ಮಾಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಮಂಡಿಯ ಮೇಲೆ ಕೈಯಿಟ್ಟು, ಏನು ಕೇಳಿದರೂ "ಜೀ, ಜೀ" ಅನ್ನುತ್ತಾ ಕೂತರು. ಬಿಸಿಬೇಳೆಬಾತನ್ನೂ ಹಾಗೇ ತಿಂದರು. ಪುಟ್ಟಿ ಗೆದ್ದವಳಂತೆ ಕುಣಿಯುತ್ತಿದ್ದಳು. ಸೊಸೆ ಕೇಕು ತಂದಿಡುವ ಹೊತ್ತಿಗೆ ಅವರು ಎದ್ದು, ಚಪ್ಪಲಿ ಹುಡುಕಿ, ಕಚೇರಿ ಮುಗಿಸಿ ಹೊರಟವರಂತೆ ನನ್ನ ಕಡೆ ತಿರುಗಿದರು.

"ಅಚ್ಛಾ, ತೋ ಮೈ ಚಲೂಂ?"

ಅತ್ತಿಗೆಯ ಹತ್ತಿರ ಹಿಂದಿ! ನಾನು ಈ ಮನೆಗೆ ಬಂದಾಗಿನಿಂದ ಅವರು ನನ್ನ ಜೊತೆ ಹಿಂದಿಯಲ್ಲಿ ಮಾತಾಡಿದವರಲ್ಲ. ಪುಟ್ಟಿಯ ಮುಖ ಸಣ್ಣದಾಯಿತು. ಹೋಗಿ ಅವರ ತೋಳು ಹಿಡಿದುಕೊಂಡಳು.

"ಆಪ್ ಹಮೇಶಾ ನಮ್ಮನೇಲಿ ಮಲಗ್ತೀರಾ. ಇವತ್ತು ಎಚ್ಚರ ಇದ್ದೀರಾ, ತೋ ಯಾಕೆ ಹೋಗ್ತೀರಾ?"

ಅವರು ಚಪ್ಪಲಿ ಕಳಚಿದರು. ಆಮೇಲೆ ಕೂತರು.

"ನನ್ನ ರೂಮಲ್ಲಿ ನಿದ್ದೆ ಹತ್ತಲ್ಲ ಪುಟ್ಟಿ. ಚಿಕ್ಕವನಿದ್ದಾಗ ಈ ಊರಿಗೆ ಬಂದೆ. ಎಲ್ಲಾ ಸೇರಿ ಒಂದೇ ಕೋಣೆ. ಅಡ್ಡಪರದೆಯ ಆಚೆ ಅಣ್ಣ ಅತ್ತಿಗೆ ಮಾತಾಡ್ತಾ ಇದ್ದರೆ, ಸರಿ, ಇನ್ನು ನಾನು ಎಚ್ಚರ ಇರಬೇಕಾಗಿಲ್ಲ ಅನ್ನಿಸೋದು. ಈಗ ಇಲ್ಲಿ ಅನ್ನಿಸುತ್ತೆ."

ನಾನು ತಲೆ ಎತ್ತಲಿಲ್ಲ. ಪರದೆಯ ಹಿಂದೆ ನಾನು ನಾಚಿಕೊಂಡು ಪಿಸುಗುಟ್ಟಿದ ಆ ಮಾತುಗಳು ನಿಮ್ಮ ತಾತನ ಜೊತೆಗೇ ಹೋದವು ಎಂದುಕೊಂಡಿದ್ದೆ.

ಪುಟ್ಟಿ ಮೋಂಬತ್ತಿ ಹಚ್ಚಗೊಡಲಿಲ್ಲ. ಚಾಪೆಯನ್ನು ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಕನ್ನಡ ಅವಳಿಗೆ ಅರ್ಥವಾಗುತ್ತದೆಯೇ ಹೊರತು ಆಡಲು ತಡವರಿಸುತ್ತಾಳೆ. ಆದರೂ ಶುರುಮಾಡಿದಳು.

"ಚಿಕ್ಕತಾತ, ಕೇಳಿ. ಕೇಕ್ ಮೇಲೆ ಒಂದು ಮೊಲ ಇದೆ. ಅದು ಬೆಳಿಗ್ಗೆ ಎದ್ದು, ಮೆಟ್ರೋ ಹತ್ತಿ..."

ಪದ ಸಿಗದಾಗ ನನ್ನ ಕಡೆ ನೋಡುತ್ತಿದ್ದಳು. ನಾನು ಕೊಡುತ್ತಿದ್ದೆ. ಅವಳು ಅದನ್ನು ಕೂಡಿಸಿಕೊಂಡು ಮುಂದೆ ಹೋಗುತ್ತಿದ್ದಳು. ಮೊಲ ಎರಡು ಸ್ಟೇಷನ್ ದಾಟುವಷ್ಟರಲ್ಲಿ ಅವರ ಕೈ ಮಂಡಿಯಿಂದ ಜಾರಿತು.

ಬಿಸಿಲಿಗೆ ಕೇಕಿನ ಕೆನೆ ಮೆತ್ತಗಾಗುತ್ತಿತ್ತು. ಸೊಸೆ ಅದನ್ನು ಒಳಗಿಡಲು ಎದ್ದಳು. ಪುಟ್ಟಿ ಮಾತು ನಿಲ್ಲಿಸದೆ, ಕೂತಿರಮ್ಮ ಎಂದು ಕೈಸನ್ನೆ ಮಾಡಿದಳು.