ಅಳತೆರಾಯರ ಬಚ್ಚಲುಮನೆ ಸ್ಟುಡಿಯೋ

"ಮಾವನವರ ಫೋಟೋನ ಈ ಎರಡು ಕೈಯಿಂದಲೇ ದೊಡ್ಡದು ಮಾಡ್ತೀನಿ! ಅಂಗಡಿಯವನಿಗೆ ಕೊಡೋ ಮಾತೇ ಇಲ್ಲ!" ಎಂದು ಅಳತೆರಾಯರು ಊಟದ ಮೇಜಿನಿಂದ ಎದ್ದು ನಿಂತು ಘೋಷಿಸಿದರು. ತಟ್ಟೆ ಎತ್ತುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

ಅಳತೆರಾಯ ಎನ್ನುವುದು ತಂದೆ ತಾಯಿ ಇಟ್ಟ ಹೆಸರಲ್ಲ. ಜೇಬಿನಲ್ಲಿ ಸದಾ ಟೇಪು ಇಟ್ಟುಕೊಂಡು ಕಂಡಕಂಡದ್ದನ್ನೆಲ್ಲ ಅಳೆಯುವ ಈ ಗುಮಾಸ್ತರಿಗೆ ಕಚೇರಿಯವರು ದಯಪಾಲಿಸಿದ ಬಿರುದು. ಅದನ್ನು ಅವರು ಪದಕದಂತೆ ಧರಿಸಿಕೊಂಡು ಓಡಾಡುತ್ತಿದ್ದರು.

"ಅಂಗಡಿಗೆ ಕೊಟ್ರೆ ನಾಳೆ ಸಂಜೆಗೆ ಕೈಗೆ ಬರತ್ತೆ ರೀ."

"ಬಂದೀತು! ಅದ್ರಲ್ಲಿ ಅಳಿಯನ ಪ್ರೀತಿ ಎಲ್ಲಿರತ್ತೆ?"

"ಅಮ್ಮ ಆಗ್ಲೇ ಫ್ರೇಮು ತಂದು ಗೋಡೆಗೆ ಹಾಕಾಯ್ತು. ಖಾಲಿ ಫ್ರೇಮಿನ ಮುಂದೆ ಕೂತು ಕಾಯ್ತಿದಾರೆ. ನಿಮ್ಮ ಪ್ರೀತಿ ಸ್ವಲ್ಪ ಬೇಗ ಬರ್ಲಿ, ಅಷ್ಟೆ."

ವಿಷಯ ಹಗುರವಾದದ್ದಲ್ಲ. ಹೆಂಡತಿ ತೊಟ್ಟಿಲಲ್ಲಿದ್ದಾಗಲೇ ಮಾವ ತೀರಿಕೊಂಡಿದ್ದರು. ಇದ್ದ ಒಂದೇ ಒಂದು ಫೋಟೋ ನೀರು ಬಿದ್ದು ಹಾಳಾಗಿತ್ತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ನೆಗೆಟಿವ್ ಮಾತ್ರ, ಇವರ ಜೊತೆಗೇ ಇದ್ದ ಅತ್ತೆಯ ಟ್ರಂಕಿನಲ್ಲಿ ಉಳಿದಿತ್ತು. ಅದನ್ನು ಕಿಟಕಿಗೆ ಹಿಡಿದು ಎಷ್ಟು ಕಣ್ಣು ಕಿರಿದು ಮಾಡಿದರೂ ಅತ್ತೆಗೆ ಏನೂ ಕಾಣುತ್ತಿರಲಿಲ್ಲ. ಆ ತುಂಡಿನ ಮೂಲಕ ಬೆಳಕು ಹಾಯಿಸಿ, ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರವೇ ಎನ್‌ಲಾರ್ಜರ್. ಅದೊಂದು ಸಿಕ್ಕಿಬಿಟ್ಟರೆ ಜಗತ್ತನ್ನೇ ಗೆದ್ದಂತೆ!

ಮುಚ್ಚುತ್ತಿದ್ದ ಸ್ಟುಡಿಯೋ ಒಂದರಲ್ಲಿ ಹಳೆಯ ಎನ್‌ಲಾರ್ಜರ್‌ಗಳು ಎರಡು ಉಳಿದಿದ್ದವು. ಒಂದು ದೈತ್ಯ, ಒಂದು ಕುಳ್ಳ.

"ದೊಡ್ಡದೇ ತಗೊಳ್ಳಿ ಸಾರ್, ಆನೆ ಇದ್ದ ಹಾಗೆ. ಒಂಚೂರೂ ಅಲ್ಲಾಡಲ್ಲ," ಎಂದ ಸ್ಟುಡಿಯೋದವನು.

"ನಮ್ಮನೆ ಬಚ್ಚಲಲ್ಲಿ ಆನೆ ಸಾಕೋಕಾಗತ್ತೇನ್ರೀ?"

ಅಳತೆರಾಯರು ಟೇಪು ಹಿರಿದರು. ಕುಳ್ಳನ ಬುಡದ ಹಲಗೆ ಅಳೆದರು, ಕಂಬ ಅಳೆದರು. ಟಾರ್ಚು ಬಿಟ್ಟು ಮಸೂರದಲ್ಲಿ ಬೂಸ್ಟು ಹಿಡಿದಿದೆಯೇ ಎಂದು ನೋಡಿದರು. ವಾಷಿಂಗ್ ಮೆಷಿನ್ನಿನ ಮೇಲೆ ಸರಿಯಾಗಿ ಕೂರುತ್ತದೆ! ಗೀಸರಿಗೂ ತಾಗುವುದಿಲ್ಲ! ಅವರ ಆನಂದಕ್ಕೆ ಪಾರವೇ ಇರಲಿಲ್ಲ.

"ಸಾರ್, ಅದರ ತಲೆ ಮೇಲಕ್ಕೆತ್ತಿ ಒಂದ್ಸಲ..."

"ಅಳತೆ ವಿಷಯ ನನಗೆ ಬಿಡಿ!"

ಮನೆಯಲ್ಲಿ ಬಚ್ಚಲಿನ ಕಿಟಕಿಗೆ ಕಂಬಳಿ ಬಿತ್ತು, ಕೆಂಪು ಬಲ್ಬು ಬಂತು, ಬಕೆಟ್ಟುಗಳು ಗಡೀಪಾರಾದವು. ಬಾಗಿಲಿಗೆ ಫಲಕವೂ ಏರಿತು: "ತಟ್ಟದೆ ತೆರೆದರೆ ಸರ್ವನಾಶ!" ಅಳತೆರಾಯರು ಒಳಗೆ ಸೇರಿ, ನೆಗೆಟಿವ್ ಸಿಕ್ಕಿಸಿ, ದೀಪ ಹಚ್ಚಿದರು. ಹಲಗೆಯ ಮೇಲೆ ಮಾವ ಪ್ರತ್ಯಕ್ಷರಾದರು, ಇಸ್ಪೀಟು ಎಲೆಯಷ್ಟು ಗಾತ್ರದಲ್ಲಿ!

ಚಿತ್ರ ದೊಡ್ಡದಾಗಬೇಕಾದರೆ ಯಂತ್ರದ ತಲೆ ಮೇಲೇರಬೇಕು. ಏರಿಸಿದರು. ಟಣ್! ಗೀಸರ್. ಅಂಗಡಿಯಲ್ಲಿ ಅವರು ಕುಳ್ಳನನ್ನು ತಲೆ ತಗ್ಗಿಸಿ ನಿಂತ ಭಂಗಿಯಲ್ಲಿ ಅಳೆದಿದ್ದರು!

"ಏನ್ರೀ ಅದು ಸದ್ದು?" ಹೊರಗಿನಿಂದ ಹೆಂಡತಿಯ ಪ್ರಶ್ನೆ.

"ಏನಿಲ್ಲ ಕಣೇ. ಫ್ರೇಮು ಎಷ್ಟು ದೊಡ್ಡದಿದೆ?"

"ಕಿಟಕಿಯಷ್ಟಿದೆ. ಯಾಕೆ, ನಿಮ್ಮ ಪ್ರೀತಿ ಎಷ್ಟು ಬಂತು?"

ಅಳತೆರಾಯರು ಬೆವೆತರು. ಅತ್ತೆಗೆ ಏನೆಂದು ಹೇಳುವುದು? ಕೊಟ್ಟ ಮಾತೆಲ್ಲಿ, ಈ ಇಸ್ಪೀಟು ಎಲೆ ಎಲ್ಲಿ! ಹತಾಶೆಯಿಂದ ಯಂತ್ರದ ತಲೆ ಹಿಡಿದು ಅಲ್ಲಾಡಿಸಿದರೆ, ಅದು ಪಕ್ಕಕ್ಕೆ ಹೊರಳಿತು! ಬೆಳಕು ಹಲಗೆ ಬಿಟ್ಟು ಎದುರು ಗೋಡೆಗೆ ಹಾರಿತು. ಮಸೂರವನ್ನು ತಿರುಗಿಸಿ ಸರಿ ಮಾಡಿದರೆ, ಗೋಡೆಯ ಮೇಲೆ ಮಾವ, ಕಿಟಕಿಗಿಂತಲೂ ದೊಡ್ಡದಾಗಿ ನಗುತ್ತಿದ್ದಾರೆ!

"ಗೆದ್ದೆ ಕಣೇ!" ಎಂದು ಕುಣಿಯುತ್ತಲೇ ಅವರು ಬೆಳಕು ತಾಗಬಾರದ ಫೋಟೋ ಕಾಗದದ ಡಬ್ಬಿ ತೆರೆದರು. ಅದೇ ಕ್ಷಣಕ್ಕೆ ಬಾಗಿಲೂ ತೆರೆಯಿತು. ಹೊರಗಿನ ಬೆಳಕು ನುಗ್ಗಿ ಡಬ್ಬಿಗೆ ಡಬ್ಬಿಯೇ ಹಾಳು!

"ಎಷ್ಟು ಹೊತ್ತೂಂತ ತಡ್ಕೊಳ್ಳಲಿ ಅಳಿಯಂದಿರೇ? ಇರೋದು ಒಂದೇ ಬಚ್ಚಲು," ಎಂದರು ಅತ್ತೆ.

"ಬಾಗ್ಲು ಹಾಕಿ ಅತ್ತೇ! ಬಾಗ್ಲು!"

ವಿಧೇಯರಾದ ಅತ್ತೆ ಬಾಗಿಲು ಹಾಕಿದರು. ಆದರೆ ಒಳಗೆ ಬಂದು ಹಾಕಿದರು. ಕತ್ತಲಾಯಿತು. ಗೋಡೆಯತ್ತ ತಿರುಗಿದ ಅತ್ತೆ ಹಾಗೆಯೇ ನಿಂತುಬಿಟ್ಟರು.

ನೆಗೆಟಿವ್‌ನಲ್ಲಿ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಹರೆಯದ ಮಾವನ ಕಪ್ಪು ಕೂದಲು, ಮೀಸೆ, ಹುಬ್ಬು ಎಲ್ಲ ಗೋಡೆಯ ಮೇಲೆ ಬೆಳ್ಳಗೆ ಹೊಳೆಯುತ್ತಿದ್ದವು.

"ಎಷ್ಟು ನೆರೆತುಬಿಟ್ಟಿದಾರೆ!" ಎಂದರು ಅತ್ತೆ ಮೆಲ್ಲಗೆ. "ಬಿಸಿಲಲ್ಲಿ ಸುತ್ತಿ ಕಪ್ಪಗಾಗಿದಾರೆ ಬೇರೆ. ಇದ್ದಿದ್ರೆ ಈಗ ಹೀಗೇ ಇರ್ತಿದ್ರು, ಅಲ್ವಾ?"

"ಅತ್ತೆ, ಅದು ಉಲ್ಟಾ ಕಾಣೋದು. ನಾನು ಪ್ರಿಂಟು..."

ಸದ್ದು ಕೇಳಿ ಒಳಗೆ ನುಸುಳಿದ್ದ ಹೆಂಡತಿ ಅವರ ತೋಳು ಚಿವುಟಿದಳು. "ಒಂದ್ನಿಮಿಷ ಸುಮ್ನಿರ್ತೀರಾ?" ಅಪ್ಪನ ಮುಖವನ್ನು ಅವಳೂ ಇಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಅಳತೆರಾಯರಿಗೂ ಕಣ್ಣು ಮಂಜಾಯಿತು. ಹಾಳಾದ ಕಾಗದದ ಡಬ್ಬಿ ಮರೆತೇಹೋಯಿತು.

ಹೊಸ ಡಬ್ಬಿ ತಂದು, ಗೋಡೆಗೇ ಕಾಗದ ಅಂಟಿಸಿ, ಕೊನೆಗೂ ಅವರು ಪ್ರಿಂಟು ತೆಗೆದರು. ಅದ್ಭುತವಾಗಿ ಬಂತು! ಕಪ್ಪು ಕ್ರಾಪು, ಚಿಗುರು ಮೀಸೆ, ಫ್ರೇಮಿನಲ್ಲಿ ಒಂದು ಎಳೆಯೂ ಆಚೀಚೆಯಿಲ್ಲ. ಅಳತೆರಾಯರು ಎದೆಯುಬ್ಬಿಸಿ ಮೆಚ್ಚುಗೆಗೆ ಕಾದರು.

ಅತ್ತೆ ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ನಾನು ಮದುವೆಯಾದ ಹುಡುಗ ಇವ್ನೇ. ಗೋಡೆ ಮೇಲೆ ಇರ್ಲಿ ಪಾಪ," ಎಂದರು. "ಆದ್ರೆ ಮಾತಾಡೋಕೆ ನನ್ನ ವಯಸ್ಸಿನೋರು ಬೇಕಲ್ಲ ಅಳಿಯಂದಿರೇ? ಆ ಬಚ್ಚಲಲ್ಲಿರೋರನ್ನ ಕಳಿಸ್ಬೇಡಿ."

ಈಗ ದಿನಾ ಬೆಳಿಗ್ಗೆ ಅಳತೆರಾಯರು ಹೆಗಲಿಗೆ ಟವೆಲು ಹಾಕಿಕೊಂಡು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು, ತಾವೇ ಬರೆದ ಫಲಕದ ಮುಂದೆ ನಿಲ್ಲುತ್ತಾರೆ. ಬಾಗಿಲು ತಟ್ಟುತ್ತಾರೆ.

"ಅತ್ತೇ, ಆಫೀಸಿಗೆ ಹೊತ್ತಾಯ್ತು!"

"ಸ್ವಲ್ಪ ತಡೀರಿ ಅಳಿಯಂದಿರೇ," ಎಂದು ಒಳಗಿನಿಂದ ಧ್ವನಿ ಬರುತ್ತದೆ. "ನಿಮ್ಮ ವಿಷಯವೇ ಹೇಳ್ತಾ ಇದೀನಿ. ಕೇಳಿ ನಗ್ತಾ ಇದಾರೆ!"